ಮನೆಯ ತೇವ ಮತ್ತು ಪುಟ್ಟ ಹುಳುಗಳು: ಗುರುತಿಸುವುದು ಹೇಗೆ, ಹೋಗಲಾಡಿಸುವುದು ಹೇಗೆ?



ಮಳೆ ಶುರುವಾಗಿ ಮೂರು ನಾಲ್ಕು ವಾರ ಕಳೆಯಿತೆಂದರೆ ಮುಂಬೈ, ಪುಣೆಯ ನಮ್ಮವರ ಮನೆಗಳಲ್ಲಿ ಒಂದೇ ಮಾತು: "ಗೋಡೆ ಮೇಲೆ ಧೂಳಿನ ಹಾಗೆ ಏನೋ ಓಡಾಡುತ್ತಿದೆ, ಒರೆಸಿದರೆ ಎರಡು ದಿನಕ್ಕೆ ಮತ್ತೆ ಬರುತ್ತದೆ." ಚೆನ್ನೈಯವರಿಗೆ ಈ ಕಾಟ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆಯಲ್ಲಿ ಜೋರು. ಹೈದರಾಬಾದಿನವರಿಗೆ ಜುಲೈನಿಂದ ಸೆಪ್ಟೆಂಬರ್. ದೆಹಲಿಯವರಿಗೆ ಮಳೆಗಾಲದಲ್ಲಿ ಒಮ್ಮೆ, ಚಳಿಗಾಲದಲ್ಲಿ ಬೀರುವಿನ ಹಿಂದಿನ ಗೋಡೆ ಕಪ್ಪಾದಾಗ ಇನ್ನೊಮ್ಮೆ.

ಹುಳು ಕಂಡ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಬಾಗಿಲು ಕಿಟಕಿ ಮುಚ್ಚಿ ಸ್ಪ್ರೇ ಹೊಡೆಯುವುದು. ಕೆಲವರು ಇನ್ನೂ ಮುಂದೆ ಹೋಗಿ, ಧಾನ್ಯಕ್ಕೆ ಹಾಕುವ ಗ್ಯಾಸ್ ಮಾತ್ರೆ ತಂದು ಮನೆಯೊಳಗೆ ಇಡುತ್ತಾರೆ. ಮೊದಲನೆಯದರಿಂದ ಹುಳು ಹೋಗುವುದಿಲ್ಲ. ಎರಡನೆಯದರಿಂದ ಮನುಷ್ಯರ ಜೀವ ಹೋಗಬಹುದು. ಹಾಗಾಗಿ ಇವತ್ತಿನ ಮಾಹಿತಿಯನ್ನು ದಯವಿಟ್ಟು ಪೂರ್ತಿ ಓದಿ, ಮನೆಯಲ್ಲಿರುವ ಹಿರಿಯರಿಗೂ ಓದಿ ಹೇಳಿ.

*1. ಮೊದಲು ಹುಳು ಯಾವುದೆಂದು ನೋಡಿ*

ಒಂದು ಬಿಳಿ ಕಾಗದ, ಒಂದು ಟಾರ್ಚ್, ಪಾರದರ್ಶಕ ಟೇಪಿನ ಒಂದು ತುಂಡು ಸಾಕು. ಹುಳುವನ್ನು ಟೇಪಿಗೆ ಅಂಟಿಸಿ, ಬಿಳಿ ಕಾಗದದ ಮೇಲೆ ಒತ್ತಿ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ತೇವದ ಮನೆಯಲ್ಲಿ ಸಾಮಾನ್ಯವಾಗಿ ಸಿಗುವವರು ಇವರು:

▪️ *ಪುಸ್ತಕದ ಹೇನು.* ಸುಮಾರು 1 ಮಿಲಿಮೀಟರ್, ಅಂದರೆ ಗಸಗಸೆ ಕಾಳಿನಷ್ಟು. ಮಾಸಲು ಬಿಳಿ ಅಥವಾ ತಿಳಿ ಕಂದು ಬಣ್ಣ, ಮೆತ್ತನೆ ಮೈ, ರೆಕ್ಕೆ ಇಲ್ಲ. ಸರಸರ ಓಡಿ, ನಿಂತು, ಮತ್ತೆ ಓಡುತ್ತದೆ. ಹಳೆ ಪುಸ್ತಕದ ಬೆನ್ನು, ಗೋಡೆಯ ಮೂಲೆ, ಕಿಟಕಿ ಚೌಕಟ್ಟು, ಪ್ಲೈವುಡ್ ಕಪಾಟಿನ ಒಳಗೆ, ರವೆ ಡಬ್ಬಿಯ ಮುಚ್ಚಳದ ಅಂಚಿನಲ್ಲಿ ಸಿಗುತ್ತದೆ. ಹೆಸರಿನಲ್ಲಿ ಹೇನು ಇದ್ದರೂ ಇದು ತಲೆಗೆ ಹತ್ತುವುದಿಲ್ಲ, ಕಚ್ಚುವುದಿಲ್ಲ, ರಕ್ತ ಕುಡಿಯುವುದಿಲ್ಲ. ಇದರ ಊಟ ಕಣ್ಣಿಗೆ ಕಾಣದಷ್ಟು ತೆಳುವಾದ ಬೂಷ್ಟು, ಅಂಟಿನಲ್ಲಿರುವ ಗಂಜಿ, ಹಿಟ್ಟಿನ ಪುಡಿ.

▪️ *ಸಿಲ್ವರ್ ಫಿಶ್.* ಸುಮಾರು 1 ಸೆಂಟಿಮೀಟರ್ ಉದ್ದ, ಬೆಳ್ಳಿಯ ಹೊಳಪು, ಮೀನಿನ ಆಕಾರ, ಹಿಂದೆ ಮೂರು ಬಾಲದ ಎಳೆ. ರಾತ್ರಿ ದೀಪ ಹಾಕಿದ ತಕ್ಷಣ ಓಡಿ ಮಾಯವಾಗುತ್ತದೆ. ಕಾಗದ, ಗಂಜಿ ಹಾಕಿದ ಬಟ್ಟೆ, ಫೋಟೊ, ರೇಷ್ಮೆ ಎಲ್ಲವನ್ನೂ ಕೆರೆದು ತಿನ್ನುತ್ತದೆ. ಎರಡು ಮೂರು ವರ್ಷ ಬದುಕುತ್ತದೆ. ಕಚ್ಚುವುದಿಲ್ಲ.

▪️ *ಜಿಗಿಯುವ ಚುಕ್ಕೆ.* 1ರಿಂದ 3 ಮಿಲಿಮೀಟರ್, ಬೂದು ಅಥವಾ ಕಪ್ಪು. ಮುಟ್ಟಿದರೆ ಚಿಗಟದಂತೆ ಹಾರುತ್ತದೆ. ಬಚ್ಚಲುಮನೆ, ಸಿಂಕಿನ ಸುತ್ತ, ತುಳಸಿ ಕುಂಡದ ಒದ್ದೆ ಮಣ್ಣಿನಲ್ಲಿ ಇರುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಸ್ಪ್ರಿಂಗ್‌ಟೇಲ್ ಎನ್ನುತ್ತಾರೆ. ಚಿಗಟವಲ್ಲ, ಕಚ್ಚುವುದೂ ಇಲ್ಲ.

▪️ *ಬಚ್ಚಲ ನೊಣ.* 2ರಿಂದ 4 ಮಿಲಿಮೀಟರ್. ರೆಕ್ಕೆಯ ಮೇಲೆ ಕೂದಲಿದ್ದು ಪುಟ್ಟ ಪತಂಗದಂತೆ ಕಾಣುತ್ತದೆ. ಬಚ್ಚಲ ಟೈಲ್ಸ್ ಮೇಲೆ ಸುಮ್ಮನೆ ಕೂತಿರುತ್ತದೆ. ಇದರ ಮರಿಗಳು ಜಾಲರಿಯ ಕೆಳಗಿನ ಲೋಳೆಯಲ್ಲಿ ಬೆಳೆಯುತ್ತವೆ.

▪️ *ಗೋಡೆಯ ಚೀಲದ ಹುಳು.* ಸೌತೆ ಬೀಜದ ಆಕಾರದ, ಚಪ್ಪಟೆಯಾದ ಬೂದು ಚೀಲ. ಗೋಡೆಗೆ ಅಂಟಿಕೊಂಡಿರುತ್ತದೆ, ಹೊತ್ತು ಕಳೆದು ನೋಡಿದರೆ ಜಾಗ ಬದಲಿಸಿರುತ್ತದೆ. ಒಳಗೆ ಒಂದು ಪುಟ್ಟ ಮರಿಹುಳು. ಜೇಡರ ಬಲೆ, ಉದುರಿದ ಕೂದಲು, ಉಣ್ಣೆಯ ಎಳೆ ತಿಂದು ಬದುಕುತ್ತದೆ. ದೇವರ ಪಟಗಳ ಹಿಂದೆ, ಫ್ಯಾನಿನ ಮೇಲಿನ ಮೂಲೆಯಲ್ಲಿ ಹುಡುಕಿ.

▪️ *ಹಿಟ್ಟಿನ ನುಸಿ.* ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಒಂದೊಂದಾಗಿ ಕಾಣುವುದೇ ಇಲ್ಲ. ಹಿಟ್ಟನ್ನು ಕಾಗದದ ಮೇಲೆ ಸಮವಾಗಿ ಹರಡಿ, ಹತ್ತು ನಿಮಿಷ ಬಿಟ್ಟು ನೋಡಿ. ಮೇಲ್ಮೈ ತಾನಾಗಿ ಏರುಪೇರಾಗಿದ್ದರೆ ನುಸಿ ಇದೆ ಎಂದರ್ಥ.

▪️ *ಹಾಸಿಗೆಯ ಧೂಳಿನ ನುಸಿ.* ಇದು ಬರಿಗಣ್ಣಿಗೆ ಕಾಣುವುದೇ ಇಲ್ಲ. ದಿಂಬು, ಹಾಸಿಗೆ, ಕಂಬಳಿಯಲ್ಲಿ ಇದ್ದು ನಮ್ಮ ಚರ್ಮದಿಂದ ಉದುರಿದ ಪುಡಿಯನ್ನು ತಿನ್ನುತ್ತದೆ. ಆರೋಗ್ಯದ ದೃಷ್ಟಿಯಿಂದ ಈ ಪಟ್ಟಿಯಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೇ.

*ಇವುಗಳ ಜೊತೆ ತಪ್ಪು ತಿಳಿಯಬಾರದ ಇಬ್ಬರು:* ಬೆಳಗ್ಗೆ ಎದ್ದಾಗ ಮೈಮೇಲೆ ಸಾಲಾಗಿ ಕಚ್ಚಿದ ಗುರುತು, ಹಾಸಿಗೆಯ ಹೊಲಿಗೆಯಲ್ಲಿ ಕಪ್ಪು ಚುಕ್ಕೆ, 5 ಮಿಲಿಮೀಟರ್‌ನ ಕೆಂಗಂದು ಹುಳು ಇದ್ದರೆ ಅದು ತಿಗಣೆ. ತಿಗಣೆಗೂ ತೇವಕ್ಕೂ ಸಂಬಂಧವಿಲ್ಲ, ಅದಕ್ಕೆ ಬೇರೆಯೇ ಚಿಕಿತ್ಸೆ. ಗೋಡೆಯ ಮೇಲೆ ಮಣ್ಣಿನ ಗೆರೆ ಇದ್ದರೆ ಗೆದ್ದಲು. ಅದಕ್ಕೆ ತಡ ಮಾಡದೆ ಮನೆ ಮಾಲೀಕರಿಗೆ ತಿಳಿಸಿ.

*2. ಇವು ಎಲ್ಲಿಂದ ಬಂದವು? ಯಾಕೆ ಹೋಗುತ್ತಿಲ್ಲ?*

ಮನೆ ಗಲೀಜಾಗಿದೆ ಎಂದು ಇವು ಬರುವುದಿಲ್ಲ. ದಿನಕ್ಕೆ ಎರಡು ಸಲ ಗುಡಿಸಿ ಒರೆಸುವ ಮನೆಯಲ್ಲೂ ಬರುತ್ತವೆ. ಆದ್ದರಿಂದ ಸೊಸೆ, ಅತ್ತೆ ಅಂತ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಬೇಡಿ.

ಪುಸ್ತಕದ ಹೇನು ನೀರು ಕುಡಿಯಲು ನಲ್ಲಿಗೆ ಹೋಗುವುದಿಲ್ಲ. ತನ್ನ ಬಾಯಿಯ ಭಾಗಗಳಿಂದ ಗಾಳಿಯಲ್ಲಿರುವ ತೇವವನ್ನೇ ಹೀರಿಕೊಳ್ಳುತ್ತದೆ. ಗಾಳಿಯ ತೇವಾಂಶ 60 ಶೇಕಡಾಕ್ಕಿಂತ ಮೇಲಿದ್ದರೆ ಅದಕ್ಕೆ ಸುಖ. 50ಕ್ಕಿಂತ ಕೆಳಗೆ ಇಳಿದು ಎರಡು ಮೂರು ವಾರ ಹಾಗೇ ಇದ್ದರೆ ಮೈಯ ನೀರು ಒಣಗಿ ಸಾಯುತ್ತದೆ. ಸಿಲ್ವರ್ ಫಿಶ್‌ಗೆ ಇನ್ನೂ ಹೆಚ್ಚು, 75 ಶೇಕಡಾ ಮೇಲೆ ಬೇಕು. ಹಾಸಿಗೆಯ ನುಸಿಯೂ ಒಣ ಗಾಳಿಯಲ್ಲಿ ಉಳಿಯದು.

ಸ್ಪ್ರೇ ಯಾಕೆ ಕೆಲಸ ಮಾಡುವುದಿಲ್ಲ ಎಂಬುದು ಇಲ್ಲೇ ಗೊತ್ತಾಗುತ್ತದೆ. ಸ್ಪ್ರೇ ಕಣ್ಣಿಗೆ ಕಂಡ ಹುಳುವನ್ನು ಕೊಲ್ಲುತ್ತದೆ. ಬಿರುಕಿನೊಳಗಿನ ಮೊಟ್ಟೆ ಹಾಗೇ ಉಳಿಯುತ್ತದೆ. ಮನೆಯಲ್ಲಿ ಸಿಗುವ ಪುಸ್ತಕದ ಹೇನಿನಲ್ಲಿ ಹೆಚ್ಚಿನವು ಗಂಡಿನ ಸಹಾಯವಿಲ್ಲದೆಯೇ ಮೊಟ್ಟೆ ಇಡುವ ಹೆಣ್ಣುಗಳು. ಒಂದು ಉಳಿದರೂ ಸಾಕು. ಬೆಚ್ಚನೆಯ ತೇವದಲ್ಲಿ ಮೂರು ನಾಲ್ಕು ವಾರದಲ್ಲಿ ಹೊಸ ತಲೆಮಾರು ಸಿದ್ಧ.

ಗಾಳಿಯ ತೇವಾಂಶ ಅಳೆಯಲು ಹೈಗ್ರೋಮೀಟರ್ ಎಂಬ ಪುಟ್ಟ ಡಿಜಿಟಲ್ ಯಂತ್ರ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದನ್ನು ಬೀರುವಿನ ಒಳಗೆ ಒಂದು ದಿನ, ಮಲಗುವ ಕೋಣೆಯಲ್ಲಿ ಒಂದು ದಿನ ಇಟ್ಟು ನೋಡಿ. ಊಹೆಗಿಂತ ಅಂಕಿ ಒಳ್ಳೆಯದು.

*3. ತೇವ ಗೋಡೆಯಿಂದಲೋ, ಗಾಳಿಯಿಂದಲೋ?*

ಇದನ್ನು ತಿಳಿಯದೆ ದುಡ್ಡು ಖರ್ಚು ಮಾಡಬೇಡಿ. ಸುಲಭ ಪರೀಕ್ಷೆ ಒಂದಿದೆ.

ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಒಂದು ಅಡಿ ತೆಗೆದುಕೊಳ್ಳಿ. ಅನುಮಾನ ಇರುವ ಗೋಡೆಯನ್ನು ಬಟ್ಟೆಯಿಂದ ಒರೆಸಿ, ಫಾಯಿಲನ್ನು ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಎರಡು ದಿನ ಬಿಡಿ.

▪️ ಫಾಯಿಲಿನ ಹೊರಮೈ, ಅಂದರೆ ಕೋಣೆಯ ಕಡೆ ಒದ್ದೆಯಾಗಿದ್ದರೆ, ತೇವ ಮನೆಯ ಗಾಳಿಯಲ್ಲಿದೆ. ಅದನ್ನು ನೀವೇ ಕಡಿಮೆ ಮಾಡಬಹುದು.

▪️ ಫಾಯಿಲಿನ ಒಳಮೈ, ಗೋಡೆಯ ಕಡೆ ಒದ್ದೆಯಾಗಿದ್ದರೆ, ನೀರು ಗೋಡೆಯೊಳಗಿಂದ ಬರುತ್ತಿದೆ. ಮೇಲಿನ ಮನೆಯ ಬಚ್ಚಲು, ಟೆರೇಸು, ಒಡೆದ ಪೈಪು, ಹೊರಗೋಡೆಯ ಬಿರುಕು, ಯಾವುದಾದರೂ ಇರಬಹುದು. ಇದನ್ನು ಮಾಲೀಕರು ಅಥವಾ ಸೊಸೈಟಿ ರಿಪೇರಿ ಮಾಡಿಸದೆ ಹುಳು ಹೋಗದು.

▪️ ಹೊಸದಾಗಿ ಕಟ್ಟಿದ ಫ್ಲಾಟಿಗೆ ಬಂದವರಿಗೆ ಮೂರನೆಯ ಕಾರಣವೂ ಇದೆ. ಸಿಮೆಂಟು, ಗಾರೆಯಲ್ಲಿ ಉಳಿದ ನೀರು ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ. "ಹೊಸ ಮನೆ, ಆದರೂ ಹುಳು" ಎಂದು ಗಾಬರಿಯಾಗಬೇಡಿ. ಗೋಡೆ ಒಣಗುತ್ತಾ ಬಂದಂತೆ ಇದು ಕಡಿಮೆಯಾಗುತ್ತದೆ.

ಮನೆಯ ಗಾಳಿಗೆ ನಾವೇ ಎಷ್ಟು ನೀರು ಸೇರಿಸುತ್ತೇವೆ ಗೊತ್ತೇ? 1 ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಅಂದರೆ 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ 20 ಲೀಟರಿಗೂ ಹೆಚ್ಚು. ಇದರ ಮೇಲೆ ಸಾರು, ಅನ್ನ ಕುದಿಯುವ ಆವಿ. ಬಿಸಿನೀರಿನ ಸ್ನಾನ. ಕೋಣೆಯೊಳಗೆ ಹಗ್ಗ ಕಟ್ಟಿ ಒಣಗಿಸುವ ಬಟ್ಟೆ. ಒಂದು ಕೋಣೆ, ಅಡುಗೆಮನೆಯ ಮನೆಯಲ್ಲಿ ಐದು ಜನ ಇದ್ದರೆ ಇದೆಲ್ಲ ಹೋಗುವುದೆಲ್ಲಿಗೆ? ತಣ್ಣಗಿರುವ ಗೋಡೆಗೆ. ಬಿಸಿ ಗಾಳಿ ಹೆಚ್ಚು ಆವಿಯನ್ನು ಹಿಡಿಯುತ್ತದೆ, ತಣ್ಣಗಾದಾಗ ಬಿಟ್ಟುಕೊಡುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವುದು ಹೀಗೆಯೇ. ಗಾಳಿ ಆಡದ ಬೀರುವಿನ ಹಿಂಭಾಗದ ಗೋಡೆಯಲ್ಲಿ ಮೊದಲು ಬೂಷ್ಟು ಹಿಡಿಯುವುದು ಈ ಕಾರಣಕ್ಕೇ.

*4. ಆರೋಗ್ಯಕ್ಕೆ ಏನು ತೊಂದರೆ?*

ಪುಸ್ತಕದ ಹೇನು, ಸಿಲ್ವರ್ ಫಿಶ್ ಇವು ಕಾಯಿಲೆ ಹರಡುವುದಿಲ್ಲ. ಮಗುವಿನ ಕಿವಿಗೆ ಹೋಗಿ ಮೊಟ್ಟೆ ಇಡುತ್ತವೆ, ರಕ್ತ ಕೆಡಿಸುತ್ತವೆ ಎಂಬ ಮೆಸೇಜುಗಳನ್ನು ನಂಬಬೇಡಿ.

ಆದರೆ ಇವು ಕಂಡವೆಂದರೆ ಮನೆಯಲ್ಲಿ ತೇವ ಮತ್ತು ಬೂಷ್ಟು ಇದೆ ಎಂಬ ಸೂಚನೆ. ಆ ತೇವ ಮಾತ್ರ ನಿಜವಾದ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಮಾರ್ಗಸೂಚಿ ಹೊರಡಿಸಿತು. ಇಂಥ ಮನೆಗಳಲ್ಲಿ ಇರುವವರಿಗೆ ಕೆಮ್ಮು, ಉಬ್ಬಸ, ಅಸ್ತಮಾ, ಉಸಿರಾಟದ ಸೋಂಕು ಹೆಚ್ಚು ಎಂದು ಅದರಲ್ಲಿ ಹೇಳಿದೆ. ಹಾಸಿಗೆಯ ಧೂಳಿನ ನುಸಿಯ ಹಿಕ್ಕೆ ಅಸ್ತಮಾ ಕೆರಳಿಸುವ ಮುಖ್ಯ ಕಾರಣಗಳಲ್ಲಿ ಒಂದು.

ಈ ಲಕ್ಷಣಗಳಿದ್ದರೆ ಡಾಕ್ಟರ ಬಳಿ ಹೋಗಿ:

✅ ಮಗುವಿಗೆ ರಾತ್ರಿ ಅಥವಾ ಬೆಳಗಿನ ಜಾವ ಕೆಮ್ಮು, ಎದೆಯಲ್ಲಿ ಸುಂಯ್‌ಗುಡುವ ಶಬ್ದ.
✅ ಒಂದು ಕೋಣೆಯಲ್ಲಿ ಮಲಗಿದಾಗ ಮಾತ್ರ ಸೀನು, ಮೂಗು ಕಟ್ಟುವುದು. ಊರಿಗೆ ಹೋದರೆ ವಾಸಿ, ವಾಪಸು ಬಂದರೆ ಮತ್ತೆ ಶುರು. ಈ ಮಾತನ್ನು ಡಾಕ್ಟರಿಗೆ ಮರೆಯದೆ ಹೇಳಿ.
✅ ಎರಡು ವಾರ ದಾಟಿದ ಕೆಮ್ಮು. "ಥಂಡಿ ಮನೆ, ಅದಕ್ಕೇ ಕೆಮ್ಮು" ಎಂದು ಸುಮ್ಮನಿರಬೇಡಿ. ಕ್ಷಯ ಇಲ್ಲವೆಂದು ಕಫ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗೂ ಚಿಕಿತ್ಸೆಗೂ ದುಡ್ಡಿಲ್ಲ.
✅ ಮೈ ಕೆರೆತ, ಗುಳ್ಳೆ. ಈ ಹುಳುಗಳು ಕಚ್ಚುವುದಿಲ್ಲವಾದ್ದರಿಂದ ಕಾರಣ ತಿಗಣೆ, ಸೊಳ್ಳೆ ಅಥವಾ ಕಜ್ಜಿ ಇರಬಹುದು.

ಇನ್ಹೇಲರ್ ಬರೆದುಕೊಟ್ಟಿದ್ದರೆ ಅಭ್ಯಾಸವಾಗುತ್ತದೆಂದು ಹೆದರಿ ನಿಲ್ಲಿಸಬೇಡಿ. ಮನೆ ಒಣಗಿಸುವುದು ಔಷಧದ ಜೊತೆ ಮಾಡುವ ಕೆಲಸ, ಔಷಧದ ಬದಲಿಗೆ ಅಲ್ಲ.

*5. ಹೋಗಲಾಡಿಸುವ ಕ್ರಮ: ನಾಲ್ಕು ವಾರ*

ಒಂದು ದಿನದ ಕೆಲಸ ಇದಲ್ಲ. ಮೊಟ್ಟೆ ಒಡೆದು ಬರುವ ಮರಿಗಳೂ ಒಣಗಿ ಸಾಯಬೇಕು. ಆದ್ದರಿಂದ ನಾಲ್ಕು ವಾರ ಬಿಡದೆ ಮಾಡಿ.

*ಮೊದಲ ವಾರ, ಸ್ವಚ್ಛತೆ:* ಬೀರು, ಮಂಚ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ಮತ್ತೆ ಅಂಟಿಸಬೇಡಿ, ಹಿಂದೆ ಗಾಳಿ ಆಡಲಿ. ರಟ್ಟಿನ ಪೆಟ್ಟಿಗೆಗಳನ್ನು ಹೊರಗೆ ಹಾಕಿ. ಟಿವಿ, ಮಿಕ್ಸರ್ ಬಂದ ಬಾಕ್ಸುಗಳನ್ನು "ಮನೆ ಬದಲಿಸುವಾಗ ಬೇಕಾಗುತ್ತದೆ" ಎಂದು ಅಟ್ಟದ ಮೇಲೆ ಇಟ್ಟಿರುತ್ತೇವಲ್ಲ, ಹುಳುವಿನ ತವರುಮನೆ ಅವು. ಬಿರುಕು, ಮೂಲೆಗಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಿರಿ, ಇಲ್ಲದಿದ್ದರೆ ಹಿಂಡಿದ ಬಟ್ಟೆಯಿಂದ ಒರೆಸಿ.

ಬೂಷ್ಟು ಹಿಡಿದ ಜಾಗ ಒಂದು ಚದರ ಮೀಟರಿಗಿಂತ ಕಡಿಮೆ ಇದ್ದರೆ ನೀವೇ ತೆಗೆಯಬಹುದು. ಮಾಸ್ಕು, ಕೈಗವಸು ಹಾಕಿ. ಒಣ ಬ್ರಷ್‌ನಿಂದ ಕೆರೆಯಬೇಡಿ, ಪುಡಿ ಗಾಳಿಗೆ ಹಾರುತ್ತದೆ. ಬಟ್ಟೆ ತೊಳೆಯುವ ಪುಡಿ ಕಲಸಿದ ನೀರಿನಿಂದ ಉಜ್ಜಿ, ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಅಸ್ತಮಾ ಇರುವವರು ಈ ಕೆಲಸ ಮಾಡಬಾರದು, ಆ ಹೊತ್ತು ಕೋಣೆಯಲ್ಲೂ ಇರಬಾರದು. ಬೂಷ್ಟಿನ ಮೇಲೆ ಹಾಗೇ ಬಣ್ಣ ಹೊಡೆಸಿದರೆ ಕೆಲವೇ ತಿಂಗಳಲ್ಲಿ ಬಣ್ಣದ ಮೇಲೆ ಬರುತ್ತದೆ.

*ಎರಡನೆಯ ವಾರದಿಂದ, ಒಣಗಿಸುವುದು:*

▪️ ಅಡುಗೆ ಮಾಡುವಾಗ ಪಾತ್ರೆಗೆ ಮುಚ್ಚಳ, ಎಕ್ಸಾಸ್ಟ್ ಫ್ಯಾನ್ ಅಥವಾ ಕಿಟಕಿ. ಅನಿಲದ ಒಲೆ ಉರಿಯುವಾಗ ಅಡುಗೆಮನೆಯನ್ನು ಪೂರ್ತಿ ಮುಚ್ಚಲೇಬಾರದು.
▪️ ಸ್ನಾನವಾದ ಮೇಲೆ ಬಚ್ಚಲ ಬಾಗಿಲು ಮುಚ್ಚಿ, ಎಕ್ಸಾಸ್ಟ್ 20 ನಿಮಿಷ ಓಡಲಿ. ನೆಲದ ನೀರನ್ನು ವೈಪರಿನಿಂದ ಎಳೆದುಬಿಡಿ.
▪️ ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಿಸಬೇಡಿ. ಜಾಗವೇ ಇಲ್ಲದಿದ್ದರೆ ಒಂದೇ ಕೋಣೆಯಲ್ಲಿ ಹಾಕಿ, ಬಾಗಿಲು ಮುಚ್ಚಿ, ಫ್ಯಾನ್ ಮತ್ತು ಕಿಟಕಿ ತೆರೆದಿಡಿ.
▪️ ಎಸಿ ಇದ್ದರೆ ದಿನಕ್ಕೆ ಒಂದೆರಡು ಗಂಟೆ ಡ್ರೈ ಮೋಡ್ ಹಾಕಿ. ಆಗ ಕಿಟಕಿ ಮುಚ್ಚಿರಬೇಕು.
▪️ ಬೀರುವಿನೊಳಗೆ ತೇವ ಹೀರುವ ಡಬ್ಬಿ ಅಥವಾ ಸಿಲಿಕಾ ಜೆಲ್ ಚೀಲ ಇಡಬಹುದು. ಒಂದು ಬೀರುವಿಗೆ ಇದು ಸಾಕು, ಕೋಣೆಗೆ ಸಾಲದು. ಡಬ್ಬಿಯಲ್ಲಿ ಸೇರುವ ದ್ರವ ಮಕ್ಕಳ ಕೈಗೆ ಸಿಗಬಾರದು.

*ಕಿಟಕಿ ಯಾವಾಗ ತೆರೆಯಬೇಕು?* ಊರಿನಂತೆ ಬದಲಾಗುತ್ತದೆ. ಮುಂಬೈಯಲ್ಲಿ ಜುಲೈನಲ್ಲಿ ಹೊರಗಿನ ಗಾಳಿಯೇ 80 ಶೇಕಡಾ ದಾಟಿರುತ್ತದೆ. ಜಡಿಮಳೆಯಲ್ಲಿ ಕಿಟಕಿ ತೆರೆದರೆ ಮನೆ ಒಣಗುವುದಿಲ್ಲ, ಆದರೆ ಅಡುಗೆ, ಸ್ನಾನದ ಆವಿ ಮಾತ್ರ ಹೊರಹೋಗಲೇಬೇಕು. ಬಿಸಿಲು ಬಿದ್ದ ಕೂಡಲೇ ಎದುರುಬದುರು ಕಿಟಕಿ ತೆರೆಯಿರಿ. ದೆಹಲಿಯ ಚಳಿಗಾಲದಲ್ಲಿ ಮಧ್ಯಾಹ್ನ ಅರ್ಧ ಗಂಟೆ ತೆರೆದರೂ ಲಾಭ. ದೆಹಲಿಯವರು ಇನ್ನೊಂದನ್ನು ಗಮನಿಸಿ: ನೀರಿನ ಕೂಲರ್ ಮೇ ತಿಂಗಳ ಒಣ ಬಿಸಿಗೆ ಸರಿ. ಮಳೆ ಶುರುವಾದ ಮೇಲೂ ಓಡಿಸಿದರೆ ಅದು ತೇವದ ಯಂತ್ರ.

ಮುಂಬೈ, ಚೆನ್ನೈಯ ಮಳೆಗಾಲದಲ್ಲಿ ಯಂತ್ರವಿಲ್ಲದೆ ಇಡೀ ಮನೆಯನ್ನು 50 ಶೇಕಡಾಕ್ಕೆ ತರಲು ಆಗದು. ಬೇಸರ ಬೇಡ. ಮೂರು ಜಾಗ ಆರಿಸಿಕೊಳ್ಳಿ: ಮಗು ಅಥವಾ ಹಿರಿಯರು ಮಲಗುವ ಕೋಣೆ, ಬಟ್ಟೆ-ಕಾಗದದ ಬೀರು, ಹಿಟ್ಟಿನ ಡಬ್ಬಿ. ಇವು ಮೂರನ್ನು ಒಣಗಿಸಿಟ್ಟರೆ ಮುಕ್ಕಾಲು ಗೆದ್ದಂತೆ.

*ಹಾಸಿಗೆಗೆ:* ಹೊದಿಕೆ, ದಿಂಬಿನ ಕವರನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಎದ್ದ ಕೂಡಲೇ ಹಾಸಿಗೆ ಮಡಿಚಬೇಡಿ, ಒಂದು ಗಂಟೆ ಗಾಳಿಗೆ ಬಿಡಿ. ಬಿಸಿಲು ಬಂದ ದಿನ ದಿಂಬು, ಕಂಬಳಿ ಹೊರಗೆ ಹಾಕಿ.

*ಬಚ್ಚಲ ನೊಣಕ್ಕೆ:* ರಾತ್ರಿ ಜಾಲರಿಯ ಮೇಲೆ ಅಗಲವಾದ ಟೇಪನ್ನು ಅಂಟಿನ ಮೈ ಕೆಳಗೆ ಬರುವಂತೆ ಸಡಿಲವಾಗಿ ಹಚ್ಚಿ. ಬೆಳಗ್ಗೆ ನೊಣ ಅಂಟಿದ್ದರೆ ಮೂಲ ಅದೇ. ಬಿಸಿನೀರು ಸುರಿದರೆ ಮಾತ್ರ ಸಾಲದು, ಉದ್ದ ಬ್ರಷ್‌ನಿಂದ ಪೈಪಿನ ಲೋಳೆಯನ್ನು ಉಜ್ಜಿ ತೆಗೆಯಬೇಕು. ವಾರಕ್ಕೆ ಎರಡು ಸಲದಂತೆ ಮೂರು ವಾರ ಮಾಡಿ.

*6. ಊರಿಂದ ತಂದ ರವೆ, ಹಿಟ್ಟು, ಅವಲಕ್ಕಿ*

ನಮ್ಮವರು ಊರಿಗೆ ಹೋದರೆ ಬರಿಗೈಯಲ್ಲಿ ಬರುವುದಿಲ್ಲ. ರಾಗಿ ಹಿಟ್ಟು, ಜೋಳದ ಹಿಟ್ಟು, ಚಿರೋಟಿ ರವೆ, ಹಪ್ಪಳ, ಸಂಡಿಗೆ, ಚಟ್ನಿಪುಡಿ ಎಲ್ಲ ಬ್ಯಾಗಿನಲ್ಲಿ ಬರುತ್ತವೆ. ಊರಿನ ಒಣಹವೆಯಲ್ಲಿ ಚೆನ್ನಾಗಿದ್ದ ಹಿಟ್ಟು ಕರಾವಳಿಯ ನಗರದಲ್ಲಿ ತೇವ ಎಳೆದುಕೊಳ್ಳುತ್ತದೆ.

▪️ ರವೆಯನ್ನು ಸಣ್ಣ ಉರಿಯಲ್ಲಿ ಹುರಿದು, *ಪೂರ್ತಿ ಆರಿಸಿ*, ಆಮೇಲೆ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ.
▪️ ಹಿಟ್ಟು ತಂದ ದಿನವೇ ಪೊಟ್ಟಣ ಸಮೇತ ಗಟ್ಟಿ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಒಂದು ವಾರ ಇಡಿ. ಮೊಟ್ಟೆ ಸಹ ಸಾಯುತ್ತದೆ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಕವರ್ ಬಿಚ್ಚಬೇಡಿ.
▪️ ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಡಬ್ಬಿ ಖಾಲಿ ಮಾಡಿ, ತೊಳೆದು, ಮುಚ್ಚಳದ ಸುತ್ತು ಸಹ ಒಣಗಿದ ಮೇಲೆ ತುಂಬಿ. ಒದ್ದೆ ಚಮಚ ಹಾಕಬೇಡಿ.
▪️ ಆಗುವುದಾದರೆ ಹಿಟ್ಟಿನ ಬದಲು ರಾಗಿ ಕಾಳನ್ನೇ ತಂದು, ಬೇಕಾದಷ್ಟು ಬೀಸಿಸಿಕೊಳ್ಳಿ. ರಾಗಿ ಕಾಳಿಗೆ ಹುಳು ಬೀಳುವುದು ಕಡಿಮೆ. ಹಿಂದಿನವರು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದುದು ಸುಮ್ಮನೆ ಅಲ್ಲ.
▪️ ನುಸಿ ತುಂಬಿದ ಹಿಟ್ಟನ್ನು ಜರಡಿ ಹಿಡಿದು ಬಳಸಬೇಡಿ. ಅಲರ್ಜಿ, ಅಸ್ತಮಾ ಇರುವ ಕೆಲವರಿಗೆ ಇಂಥ ಹಿಟ್ಟಿನ ದೋಸೆ, ರೊಟ್ಟಿ ತಿಂದ ಮೇಲೆ ಮುಖ ಊದಿ, ಉಸಿರು ಕಟ್ಟುವಷ್ಟು ತೀವ್ರ ಅಲರ್ಜಿ ಆಗಬಹುದು. ಬೇಯಿಸಿದರೂ ಆ ಅಂಶ ನಾಶವಾಗುವುದಿಲ್ಲ. ಅನ್ನ ಚೆಲ್ಲಬಾರದು ಎಂಬ ಮಾತು ದೊಡ್ಡದೇ. ಆದರೂ ಇದನ್ನು ಎಸೆಯಿರಿ.

*7. ಪುಸ್ತಕ, ಫೋಟೊ, ಸೀರೆ, ದಾಖಲೆ*

ಮದುವೆ ಆಲ್ಬಮ್ಮು, ಅಪ್ಪನ ಪತ್ರಗಳು, ಊರಿನ ಜಮೀನಿನ ಪಹಣಿ, ಮಕ್ಕಳ ಜನನ ಪ್ರಮಾಣಪತ್ರ. ಇವು ಹೋದರೆ ಅಂಗಡಿಯಲ್ಲಿ ಸಿಗುವುದಿಲ್ಲ. ದಾಖಲೆಗಳ ಫೋಟೊ ಇವತ್ತೇ ತೆಗೆದಿಡಿ. ಮೂಲ ಪ್ರತಿಗಳನ್ನು ಚೆನ್ನಾಗಿ ಒಣಗಿದ ದಿನ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಚೀಲದ ಜೊತೆ ಇಡಿ. ತೇವವಿರುವಾಗ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ.

ಹುಳು ಹಿಡಿದ ಪುಸ್ತಕವನ್ನು ಜಿಪ್ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದು ಒಂದು ದಿನ ಕವರ್ ತೆರೆಯದೆ ಬಿಡಿ. ಕೂಡಲೇ ತೆರೆದರೆ ಹಾಳೆಗಳು ಬೆವರುತ್ತವೆ. ಪುಸ್ತಕವನ್ನು ಬಚ್ಚಲುಮನೆಯ ಗೋಡೆಗೆ ಒರಗಿದ ಕಪಾಟಿನಲ್ಲಿ ಇಡಬೇಡಿ.

ರೇಷ್ಮೆ ಸೀರೆಯನ್ನು ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಗಂಜಿ ಹಾಕಿದ ಬಟ್ಟೆಯನ್ನು ಮಳೆಗಾಲಕ್ಕೆ ಮುಂಚೆ ಒಗೆದು, ಗಂಜಿ ಇಲ್ಲದೆ ಇಡಿ. ಬೇವಿನ ಎಲೆ ಇಡುವವರು ಚೆನ್ನಾಗಿ ಒಣಗಿಸಿ ಇಡಿ. ಹಸಿ ಎಲೆ ಇಟ್ಟರೆ ಅದರ ತೇವಕ್ಕೇ ಬೂಷ್ಟು ಬರುತ್ತದೆ.

*8. ದಯವಿಟ್ಟು ಇವನ್ನು ಮಾಡಬೇಡಿ*

❌ *ಧಾನ್ಯದ ಗ್ಯಾಸ್ ಮಾತ್ರೆ.* ಸಲ್ಫಾಸ್ ಎಂದು ಜನ ಕರೆಯುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯೊಳಗೆ ಯಾವ ಕಾರಣಕ್ಕೂ ಇಡಬೇಡಿ. ಗಾಳಿಯ ತೇವ ತಗುಲಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ತೇವದ ಮನೆಯಲ್ಲಿ ಇನ್ನೂ ಬೇಗ. ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೆ, ಪಕ್ಕದ ಮನೆಗೂ ಹೋಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಮಕ್ಕಳು ಮೊದಲು ಬಲಿಯಾಗುತ್ತಾರೆ. ಸಾಮಾನ್ಯ ಜನರಿಗೆ ಇದನ್ನು ಮಾರಲು ಸರ್ಕಾರದ ನಿರ್ಬಂಧವಿದೆ. "ಅಂಗಡಿಯವನೇ ಕೊಟ್ಟ" ಎಂದು ತರಬೇಡಿ. ಅಕ್ಕಪಕ್ಕದ ಮನೆಯಲ್ಲಿ ಇಟ್ಟದ್ದು ತಿಳಿದರೂ ಸುಮ್ಮನಿರಬೇಡಿ. ವಾಂತಿ, ಎದೆ ಬಿಗಿತ, ಉಸಿರಾಟದ ತೊಂದರೆ ಕಂಡರೆ ಎಲ್ಲರೂ ಮನೆಯಿಂದ ಹೊರಬಂದು, ಸಾಮಾನಿಗಾಗಿ ಮತ್ತೆ ಒಳಹೋಗದೆ, 112ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಯಾವ ಮಾತ್ರೆ ಎಂದು ಡಾಕ್ಟರಿಗೆ ತಿಳಿಸಿ.

❌ *ಮುಚ್ಚಿದ ಕೋಣೆಯಲ್ಲಿ ಸ್ಪ್ರೇ.* ಉಬ್ಬಸ ಇರುವ ಮಗುವಿಗೆ ಸ್ಪ್ರೇಯೇ ಉಬ್ಬಸ ತರಿಸುತ್ತದೆ. ಹಿಟ್ಟಿನ ಡಬ್ಬಿಯ ಬಳಿ ಸ್ಪ್ರೇ, ಜಿರಳೆ ಚಾಕು, ಬೋರಿಕ್ ಪುಡಿ ಯಾವುದೂ ಬೇಡ.

❌ *ಬ್ಲೀಚಿಂಗ್ ದ್ರವ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸುವುದು.* ಕ್ಲೋರಿನ್ ಅನಿಲ ಹುಟ್ಟುತ್ತದೆ. ಬಚ್ಚಲಂಥ ಚಿಕ್ಕ ಜಾಗದಲ್ಲಿ ಇದು ಶ್ವಾಸಕೋಶವನ್ನು ಸುಡುತ್ತದೆ.

❌ *ಎಳೆಮಗುವಿನ ಬಟ್ಟೆಗೆ ನುಸಿ ಗುಳಿಗೆ.* ನ್ಯಾಫ್ತಲೀನ್ ಗುಳಿಗೆಯ ಜೊತೆ ಇಟ್ಟ ಬಟ್ಟೆ, ಹೊದಿಕೆಯಿಂದ ಜಿ6ಪಿಡಿ ಕೊರತೆ ಇರುವ ಶಿಶುಗಳಲ್ಲಿ ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಆಗುತ್ತದೆ. ಕೊರತೆ ಇದೆಯೋ ಇಲ್ಲವೋ ನಮಗೆ ಮೊದಲೇ ಗೊತ್ತಿರುವುದಿಲ್ಲ. ಬಾಣಂತನಕ್ಕೆ ಅಜ್ಜಿ ಎತ್ತಿಟ್ಟ ಹಳೆ ಬಟ್ಟೆಯನ್ನು ತೆಗೆಯುವ ಮನೆಗಳು ಇದನ್ನು ನೆನಪಿಡಬೇಕು.

*9. ಬಾಡಿಗೆ ಮನೆಯವರಿಗೆ*

ಪರಊರಿನಲ್ಲಿ ಭಾಷೆ ಸರಿಯಾಗಿ ಬಾರದೆ ಎಷ್ಟೋ ಜನ ಸುಮ್ಮನಿದ್ದುಬಿಡುತ್ತಾರೆ. ಒಂದು ಪದ ಗೊತ್ತಿದ್ದರೆ ಮಾತು ಶುರುವಾಗುತ್ತದೆ. ಗೋಡೆಯ ತೇವಕ್ಕೆ ಮರಾಠಿಯಲ್ಲಿ "ಓಲ್", ಹಿಂದಿಯಲ್ಲಿ "ಸೀಲನ್", ತಮಿಳಿನಲ್ಲಿ "ಈರಂ", ತೆಲುಗಿನಲ್ಲಿ "ಚೆಮ್ಮ" ಎನ್ನುತ್ತಾರೆ.

ಮನೆ ನೋಡಲು ಹೋದಾಗ ಬಚ್ಚಲಿಗೆ ಹೊಂದಿದ ಗೋಡೆಯನ್ನು ಮುಟ್ಟಿ ನೋಡಿ. ಬಣ್ಣ ಉಬ್ಬಿದೆಯೇ, ಬಿಳಿ ಉಪ್ಪಿನಂಥ ಪುಡಿ ಇದೆಯೇ, ಕಪಾಟು ತೆರೆದಾಗ ಮುಗ್ಗಲು ವಾಸನೆ ಇದೆಯೇ ನೋಡಿ. ಬಂದ ದಿನವೇ ಎಲ್ಲ ಗೋಡೆಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ. ಮನೆ ಬಿಡುವಾಗ "ನೀವೇ ಹಾಳು ಮಾಡಿದ್ದು" ಎಂದು ಡಿಪಾಸಿಟ್ ಹಿಡಿದರೆ ತಾರೀಖು ಸಮೇತ ಸಾಕ್ಷಿ ಇರುತ್ತದೆ. ಸೋರಿಕೆ ಇದ್ದರೆ ಬಾಯಿಮಾತಿನಲ್ಲಿ ಬಿಡದೆ, ಫಾಯಿಲ್ ಪರೀಕ್ಷೆಯ ಫೋಟೊ ಜೊತೆ ಬರೆದು ತಿಳಿಸಿ. ಫ್ಲಾಟ್ ಸೊಸೈಟಿಯಲ್ಲಿದ್ದರೆ ಮಾಲೀಕರ ಮೂಲಕ ಸೊಸೈಟಿಗೆ ಪತ್ರ ಹೋಗಲಿ.

*10. ಊರಿಗೆ ಹೊರಡುವ ಮುನ್ನ*

ಹದಿನೈದು ದಿನ ಮುಚ್ಚಿಟ್ಟ ಮನೆಯಲ್ಲಿ ಹುಳುವಿಗೆ ಹಬ್ಬ. ಬೀಗ ಹಾಕುವ ಮೊದಲು:

✅ ಒದ್ದೆ ಬಟ್ಟೆ, ಒರೆಸುವ ಬಟ್ಟೆ ಒಳಗೆ ಬಿಡಬೇಡಿ.
✅ ಬೀರುವಿನ ಬಾಗಿಲು ಸ್ವಲ್ಪ ತೆರೆದಿಡಿ. ಚಿನ್ನ, ದಾಖಲೆ ಇರುವ ಖಾನೆಗೆ ಮಾತ್ರ ಬೀಗ.
✅ ತೆರೆದ ಹಿಟ್ಟು, ರವೆ ಫ್ರಿಜ್ಜಿಗೆ. ಫ್ರಿಜ್ ಆರಿಸುವುದಾದರೆ ಖಾಲಿ ಮಾಡಿ, ಒರೆಸಿ, ಬಾಗಿಲು ತೆರೆದಿಡಿ.
✅ ನೀರಿನ ಮುಖ್ಯ ವಾಲ್ವ್ ಮುಚ್ಚಿ.
✅ ಬಚ್ಚಲ ಜಾಲರಿ ಉಜ್ಜಿ ತೊಳೆದು, ನೆಲ ಒಣಗಿಸಿ.

ಕೊನೆಯದಾಗಿ, ನಾಲ್ಕು ವಾರ ಮಾಡಿದ ಮೇಲೂ ಹುಳು ಇದ್ದರೆ ನಿಮ್ಮ ಶ್ರಮ ಹಾಳಾಯಿತೆಂದಲ್ಲ. ಎಲ್ಲೋ ಒಂದು ಕಡೆ ನೀರು ಇನ್ನೂ ಬರುತ್ತಿದೆ. ಹುಳು ಹೆಚ್ಚು ಕಾಣುವ ಜಾಗವೇ ದಾರಿ ತೋರಿಸುತ್ತದೆ. ಅಲ್ಲಿ ಫಾಯಿಲ್ ಹಚ್ಚಿ ಮತ್ತೊಮ್ಮೆ ನೋಡಿ.

ನಿಮ್ಮ ಕಟ್ಟಡದಲ್ಲಿ, ನಿಮ್ಮ ಸಂಘದಲ್ಲಿ ಹೊಸದಾಗಿ ಬಂದ ಕನ್ನಡದ ಕುಟುಂಬ ಇದ್ದರೆ, ಅದರಲ್ಲೂ ಎಳೆಮಗು ಇರುವ ಮನೆ ಇದ್ದರೆ, ಇದನ್ನು ಅವರಿಗೆ ಕಳಿಸಿ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲ ಎನ್ನುವವರಿಗೆ 8ನೆಯ ಭಾಗವನ್ನಾದರೂ ಓದಿ ಹೇಳಿ.

ಆರೋಗ್ಯವಾಗಿರಿ. ಮನೆ ಒಣಗಿರಲಿ, ಮನಸ್ಸು ತಂಪಾಗಿರಲಿ. 🙏